ಕರೆಯದ ಮನೆಗೆ

ಹೇರುಕುದುರೆಗಳ ಮೇಲೆ ಊರೂರಿಗೆ ಸಾಮಾನು ಸಾಗಿಸುವ ನೋಕ್ಸ್ ಬುಟ್ಟಿಯನ್ನು ಕೆಳಗಿಳಿಸಿ ಹಗ್ಗ ಸುತ್ತಿಕೊಳ್ಳುವವರೆಗೂ ಥಾಮಸೀನ್ ಅಂಗಳ ಬಿಟ್ಟು ಕದಲಲಿಲ್ಲ. ಕೆಸರು ಅವಳ ಮರದ ಮೆಟ್ಟುಗಳನ್ನು ದಾಟಿ ಲಂಗದ ಅಂಚಿಗೆ ಹತ್ತಿತ್ತು. ಬುಟ್ಟಿಯಲ್ಲಿದ್ದದ್ದು ಹೊಗೆಗೆ ಕಟ್ಟಿ ಒಣಗಿಸಿದ ಹಾವುಮೀನು. ನದಿಯಾಚೆಯ ಲಾಂಗ್‌ಮೀರ್‌ನಿಂದ ಅವಳ ಬೀಗಿತ್ತಿ ಲೇಡಿ ಮಾರ್ಜರಿ ಕಳಿಸಿದ್ದು. ಈಸ್ಟರ್ ಬರುವ ತನಕ ಮಾಂಸ ಮುಟ್ಟದ ದಿನಗಳವು, ಮೀನು ಬಂದದ್ದು ಅಡುಗೆಯವಳಿಗೆ ಸಂತೋಷವೇ. ಥಾಮಸೀನ್‌ಗೆ ಬೇಕಾಗಿದ್ದದ್ದು ಮಾತ್ರ ಮೀನಲ್ಲ.

"ಬೇರೇನೂ ಹೇಳಿ ಕಳಿಸ್ಲಿಲ್ವಾ, ನೋಕ್ಸ್?"

"ಎಲ್ರೂ ಚೆಂದಾಕವ್ರಂತೆ. ದಾರಿ ಬಲು ಕೆಟ್ಟೋಗೈತೆ, ಅಮ್ಮಾವ್ರು ಈ ಕೆಸ್ರಲ್ಲಿ ತೊಂದ್ರೆ ತಗೋಬ್ಯಾಡಿ ಅಂತ ಹೇಳು ಅಂದ್ರು."

"ನನ್ನ ಮಗಳನ್ನ ಕಣ್ಣಾರೆ ನೋಡಿದ್ಯಾ?"

"ಅಡುಗೆಮನೆ ಬಾಗ್ಲು ದಾಟಿ ನಮ್ಮಂಥೋರ್ನ ಯಾರು ಬುಡ್ತಾರೆ ಅಮ್ಮಾವ್ರೇ?" ಎಂದು ನೋಕ್ಸ್ ಟೋಪಿ ಸರಿಮಾಡಿಕೊಂಡು ಕುದುರೆಗಳನ್ನು ಗದರಿಸುತ್ತ ಹೊರಟುಹೋದ.

ಒಂದೊಂದಾಗಿ ನೋಡಿದರೆ ಲಾಂಗ್‌ಮೀರ್‌ನಿಂದ ಬಂದ ಯಾವ ಮಾತಿನಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಬಂದು ಮಗಳು ಲೆಟಿಸ್‌ಳ ಹೆರಿಗೆಯವರೆಗೂ ಇದ್ದುಬಿಡುತ್ತೇನೆ ಎಂದು ಥಾಮಸೀನ್ ಹೇಳಿ ಕಳಿಸಿದಾಗ, ಅತಿಥಿಗಳ ಕೋಣೆಯ ಚಿಮಣಿ ಬಿದ್ದಿದೆ, ಇಂಥ ಚಳಿಯಲ್ಲಿ ನಿಮ್ಮನ್ನು ಎಲ್ಲಿ ಮಲಗಿಸಲಿ ಎಂಬ ಉತ್ತರ ಬಂತು. ಆಮೇಲೆ ದಾರಿಯ ಹಳ್ಳಿಯೊಂದರಲ್ಲಿ ಸಿಡುಬು ಎದ್ದಿದೆ ಎಂಬ ಸುದ್ದಿ. ಈಗ ಕೆಸರು. ಮಾತು ಮಾತಿನ ಜೊತೆಗೂ ಏನಾದರೊಂದು ಉಡುಗೊರೆ: ಒಮ್ಮೆ ಸೇಬಿನ ಹಣ್ಣು, ಒಮ್ಮೆ ಮೇಣದ ಬತ್ತಿ, ಈಗ ಮೀನು. ಬಾಗಿಲು ಮುಚ್ಚುವವರು ಇಷ್ಟು ಮೆತ್ತಗೆ ಮುಚ್ಚುತ್ತಿದ್ದಾರೆಂದರೆ ಒಳಗೆ ಏನೋ ಇದೆ ಎಂದೇ ಅವಳಿಗೆ ಅನ್ನಿಸಿತು. ಮಗಳು ಹಾಸಿಗೆ ಹಿಡಿದಿದ್ದಾಳೆಯೇ? ಕಾಲು ಬಾತುಕೊಂಡಿದೆಯೇ? ಹೊಟ್ಟೆಯ ಮಗು ಅಲುಗಾಡುವುದನ್ನು ನಿಲ್ಲಿಸಿದೆಯೇ? ರಾತ್ರಿ ಮಲಗಿದಾಗಲೂ ಹಗಲು ಬೆಣ್ಣೆ ಕಡೆಯುವಾಗಲೂ ಅವಳಿಗೆ ಇವೇ ಪ್ರಶ್ನೆಗಳು.

ಹೆದರುವುದಕ್ಕೆ ಕಾರಣವಿತ್ತು. ಲೆಟಿಸ್‌ಳ ಮೊದಲ ಹೆರಿಗೆ ಇಲ್ಲೇ, ಹೇಝಲ್‌ಕೋಟ್‌ನ ಈ ಮನೆಯಲ್ಲೇ ಆಗಿತ್ತು. ಥಾಮಸೀನ್ ಮಗಳ ಮಂಚದ ಪಕ್ಕದಿಂದ ಏಳದೆ ನೋಡಿಕೊಂಡಿದ್ದಳು. ಗಂಡುಮಗು, ಸಣ್ಣಗೆ ಅತ್ತು, ಮಾರನೆಯ ದಿನ ನೀಲಿಗಟ್ಟಿ ಹೋಯಿತು. ಚರ್ಚಿನ ಅಂಗಳದಲ್ಲಿ ಥಾಮಸೀನ್‌ಳ ಸ್ವಂತ ಮಕ್ಕಳು ಮಲಗಿದ್ದ ಸಾಲಿನಲ್ಲೇ ಅದಕ್ಕೂ ಜಾಗ ಮಾಡಿದರು. ಅಂದಿನಿಂದ ಲೆಟಿಸ್ ತವರಿಗೆ ಬಂದದ್ದು ಒಂದೇ ಸಲ, ಅದೂ ಒಂದು ಊಟದ ಹೊತ್ತಿಗೆ.

ಅವತ್ತು ಮಧ್ಯಾಹ್ನ ಥಾಮಸೀನ್ ಗಂಡನ ಮುಂದೆ ಮತ್ತೆ ಮಾತು ತೆಗೆದಳು. ಜರ್ವೇಸ್ ಕಾರ್ಫೀಲ್ಡ್ ಬೆಂಕಿಯ ಮುಂದೆ ಕೂತು ಬೇಟೆನಾಯಿಯ ಕಿವಿಯಿಂದ ಮುಳ್ಳು ಕೀಳುತ್ತಿದ್ದ. ಬೀಗ ಸರ್ ಫುಲ್ಕ್‌ಗೂ ಅವನಿಗೂ ಮಾತು ನಿಂತು ವರ್ಷವಾಗುತ್ತ ಬಂದಿತ್ತು. ಕಾರಣ ಒಂದು ಕುರ್ಚಿ. ಜಿಲ್ಲೆಯ ನ್ಯಾಯಸಭೆ ಮುಗಿದ ಮೇಲಿನ ಊಟದಲ್ಲಿ, ಮೊನ್ನೆ ಮೊನ್ನೆ 'ಸರ್' ಬಿರುದು ಪಡೆದ ಫುಲ್ಕ್, ತಲೆತಲಾಂತರದಿಂದ ಕಾರ್ಫೀಲ್ಡರು ಕೂರುತ್ತಿದ್ದ ಕುರ್ಚಿಯಲ್ಲಿ ಹೋಗಿ ಕೂತುಬಿಟ್ಟಿದ್ದ. ಜರ್ವೇಸ್ ಬಡಿಸಿದ್ದನ್ನು ಬಿಟ್ಟು ಎದ್ದು ಬಂದಿದ್ದ.

"ಅವರು ಕರೀಲಿ. ಕರೆದ ಮೇಲೆ ಹೋದ್ರಾಯ್ತು," ಎಂದ ಈಗಲೂ, ನಾಯಿಯ ಕಿವಿಯಿಂದ ಕಣ್ಣು ತೆಗೆಯದೆ.

"ಹೆರಿಗೆ ನಿಮ್ಮ ಕುರ್ಚಿ ಜಗಳ ಮುಗಿಯೋವರೆಗೂ ಕಾಯುತ್ತಾ?"

"ಕರೆಯದ ಮನೆಗೆ ಹೋಗಿ ಬಾಗಿಲಲ್ಲಿ ನಿಲ್ಲೋಕೆ ಕಾರ್ಫೀಲ್ಡ್ ಮನೆ ಹೆಂಗಸಿಗೆ ಏನು ಬಂದಿದೆ? ಅಲ್ದೆ ಕುದುರೆಗಳೆಲ್ಲ ಬಾರ್ಲಿ ಬಿತ್ತನೆಗೆ ಬೇಕು."

ಅವನ ದನಿ ಒರಟಾಗಿತ್ತು, ಆದರೆ ಮುಳ್ಳು ಹಿಡಿದ ಬೆರಳುಗಳು ನಿಂತಿದ್ದವು. ಲೆಟಿಸ್ ಅವನಿಗೂ ಉಳಿದ ಒಬ್ಬಳೇ ಮಗಳು. ಇದಕ್ಕಿಂತ ಹೆಚ್ಚು ಒತ್ತಿದರೆ ಗಂಡ ಗಟ್ಟಿಯಾಗಿ ಬೇಡ ಎಂದುಬಿಡುತ್ತಾನೆ, ಬೇಡ ಎಂದ ಮೇಲೆ ಅವನಿಗೂ ಹಿಂದೆ ಸರಿಯುವುದು ಕಷ್ಟ ಎಂದು ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಗೊತ್ತಿತ್ತು. ಅವಳು ಸುಮ್ಮನೆ ಮೇಲ್ಹೊದಿಕೆ ಹೊದ್ದು, ಹೊಲ ದಾಟಿ ಗಂಡನ ಅಕ್ಕ ಅರ್ಸುಲಾಳ ಮನೆಗೆ ನಡೆದಳು.

ವಿಧವೆ ಅರ್ಸುಲಾಳ ಬಳಿ ಒಂದು ಕೋಚುಗಾಡಿ ಇತ್ತು. ಆ ಸೀಮೆಯಲ್ಲಿ ಅಂಥದ್ದನ್ನು ಮೊದಲು ತರಿಸಿದವಳು ಅವಳೇ. ಗಾಡಿ ವರ್ಷದ ಅರ್ಧ ಕಾಲ ಯಾವುದಾದರೂ ಕೊರಕಲಿನಲ್ಲಿ ಹೂತಿರುತ್ತಿತ್ತು, ಆದರೂ ಅದರ ಗತ್ತು ಕಡಿಮೆಯಾಗಿರಲಿಲ್ಲ. ಅರ್ಸುಲಾಳಿಂದ ಏನಾದರೂ ಆಗಬೇಕಾದರೆ ಕೇಳಿಕೊಳ್ಳಬೇಕು, ಅವಳು ಆಗದು ಎನ್ನಬೇಕು, ಇನ್ನೊಮ್ಮೆ ಕೇಳಿಕೊಳ್ಳಬೇಕು. ಥಾಮಸೀನ್ ಅದೆಲ್ಲವನ್ನೂ ತಾಳ್ಮೆಯಿಂದ ಮಾಡಿದಳು. ಅತ್ತಿಗೆಯ ಹಲ್ಲುನೋವಿನ ಕಥೆ ಕೇಳಿದಳು, ಮಡಿಲಲ್ಲಿ ಮಲಗಿದ ನಾಯಿಮರಿಯನ್ನು ಹೊಗಳಿದಳು. ಕಡೆಗೆ ಅರ್ಸುಲಾಳೇ ದಾರಿ ಹುಡುಕಿದಳು.

"ನೋಡು ಥಾಮಸೀನ್, ನಾನು ಲಾಂಗ್‌ಮೀರ್‌ಗೆ ಹೋಗೋದು ನನ್ನಿಷ್ಟ. ಅಲ್ಲಿ ದೊಡ್ಡ ಗಾಜಿನ ಕಿಟಕಿ ಇಟ್ಟು ಹೊಸ ಪಡಸಾಲೆ ಕಟ್ಟಿಸಿದ್ದಾರಂತೆ, ಅದನ್ನ ನೋಡ್ಬೇಕು. ಮುದುಕಿ ಒಬ್ಳೇ ಹೋಗಕ್ಕಾಗತ್ತಾ? ಜೊತೆಗೆ ನೀನು ಬರ್ತೀಯ. ಕಾರ್ಫೀಲ್ಡರು ಹೋದ ಹಾಗೂ ಆಗ್ಲಿಲ್ಲ, ನಮ್ಮ ಜರ್ವೇಸನ ಮೂಗೂ ಇದ್ದಲ್ಲೇ ಇರತ್ತೆ."

"ನೀವೇ ಅವರಿಗೆ ಹೇಳಿ ಅತ್ತಿಗೆ."

"ಹೇಳ್ತೀನಿ. ಚಿಕ್ಕೋನಿದ್ದಾಗ ಅವನ ಮೂಗು ಒರೆಸಿದ್ದು ನಾನೇ ಅಲ್ವಾ."

ಅಕ್ಕ ಏನು ಹೇಳಿದಳೋ, ಜರ್ವೇಸ್ ಒಪ್ಪಿದ ಎಂದೂ ಹೇಳಲಿಲ್ಲ, ಒಪ್ಪಲಿಲ್ಲ ಎಂದೂ ಹೇಳಲಿಲ್ಲ. ಅಲ್ಲಿಂದ ಮುಂದಿನ ದಿನಗಳು ತಯಾರಿಯಲ್ಲಿ ಹೋದವು. ಯಾವ ದಾರಿ ಹಿಡಿಯಬೇಕು, ರಾತ್ರಿ ಯಾರ ಮನೆಯಲ್ಲಿ ತಂಗಬೇಕು ಎನ್ನುವುದೇ ದೊಡ್ಡ ಚರ್ಚೆಯಾಯಿತು. ಒಬ್ಬ ಸೋದರಸಂಬಂಧಿಯ ಮನೆಯಲ್ಲಿ ಉಳಿದರೆ ಇನ್ನೊಬ್ಬರು ಮುನಿಸಿಕೊಳ್ಳುವವರು. ಅರ್ಸುಲಾಳಿಗೆ ತನ್ನದೇ ತಲೆದಿಂಬು ಬೇಕು, ನಾಯಿಗೆ ಕೋಳಿಮಾಂಸದ ಚೂರು ಬೇಕು. ಥಾಮಸೀನ್ ಉಗ್ರಾಣದ ಕೀಲಿಗಳನ್ನು ಅಡುಗೆಯವಳಿಗೆ ಒಪ್ಪಿಸಿದಳು. ಕರು ಹಾಕಲಿದ್ದ ಹಸುವನ್ನು ತೋರಿಸಿ ಹತ್ತು ಮಾತು ಹೇಳಿದಳು. ಮಗುವಿಗೆಂದು ಹೊಲಿದ ಕುಲಾವಿಗಳನ್ನು ಒಮ್ಮೆ ಪೆಟ್ಟಿಗೆಗೆ ಹಾಕಿದಳು, ಮಗು ಹುಟ್ಟುವ ಮೊದಲೇ ಹೊತ್ತುಕೊಂಡು ಹೋಗುವುದು ಬೇಡ ಎನ್ನಿಸಿ ಹೊರಗೆ ತೆಗೆದಳು, ಮತ್ತೆ ಹಾಕಿದಳು. ಅವಳ ತಾಯಿಯ ಕಾಲದಿಂದ ಬಂದ ಹದ್ದಿನ ಕಲ್ಲನ್ನು ಮಾತ್ರ ಪೆಟ್ಟಿಗೆಯಲ್ಲಿಡಲಿಲ್ಲ. ಒಳಗೆ ಟೊಳ್ಳಾಗಿ, ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವ ಆ ಕಲ್ಲನ್ನು ಬಸುರಿಯ ತೋಳಿಗೆ ಕಟ್ಟಿದರೆ ಹೆರಿಗೆ ಹಗುರವಾಗುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟದ ಚೀಲಕ್ಕೆ ಸೇರಿಸಿದಳು.

ಹೊರಡುವ ಬೆಳಿಗ್ಗೆ ಜರ್ವೇಸ್ ಅಂಗಳಕ್ಕೆ ಬಂದು ಗಾಡಿಯ ಗಾಲಿಗಳನ್ನು ಕಾಲಿನಿಂದ ಒದ್ದು ನೋಡಿ ಮುಖ ಸಿಂಡರಿಸಿದ. ಆಮೇಲೆ ಹಳೆಯ ಕುದುರೆಯಾಳು ವಾಟ್ಕಿನ್, ಯಜಮಾನನ ಸ್ವಂತ ಸವಾರಿಯ ಕಂದು ಕುದುರೆಯನ್ನು ಲಾಯದಿಂದ ಹೊರತಂದ. ಅದರ ಬೆನ್ನ ಮೇಲೆ ಜೀನಿನ ಹಿಂದೆ ಹೆಂಗಸರು ಕೂರುವ ಮೆತ್ತೆ ಕಟ್ಟಿತ್ತು.

"ಇದು ಗಾಡಿ ಹಿಂದೆ ಬರಲಿ," ಎಂದ ಜರ್ವೇಸ್. "ಯಾವುದಕ್ಕೂ ಇರ್ಲಿ." ಹೆಂಡತಿಯ ಕಡೆ ನೋಡದೆ ಒಳಗೆ ಹೋದ.

ಮೊದಲ ದಿನ ಹೇಗೋ ಸಾಗಿತು. ಸೋದರಸಂಬಂಧಿಯ ಮನೆಯಲ್ಲಿ ತಂಗಿ, ಮಾರನೆಯ ಬೆಳಿಗ್ಗೆ ಹೊರಟು ಇನ್ನೂ ಹೊತ್ತು ಏರಿರಲಿಲ್ಲ, ಒಂದು ತೊರೆ ದಾಟುವಾಗ ಗಾಡಿ ಒಂದು ಕಡೆಗೆ ವಾಲಿ ಲಟಕ್ಕೆಂದಿತು. ಅಚ್ಚು ಮುರಿದಿತ್ತು. ಅರ್ಸುಲಾ ನಾಯಿಮರಿಯನ್ನು ಎದೆಗವಚಿಕೊಂಡು, ಓರೆಯಾದ ಗಾಡಿಯೊಳಗೇ ರಾಣಿಯ ಹಾಗೆ ಕೂತು, ಬಡಗಿಯನ್ನೂ ಕಮ್ಮಾರನನ್ನೂ ಕರೆತರಲು ಆಳುಗಳನ್ನು ಅಟ್ಟಿದಳು. ಸಾಯಂಕಾಲಕ್ಕೆ ಮುಂಚೆ ಇದು ಏಳುವುದಿಲ್ಲ ಎಂದು ಗಾಡಿಯವನು ತಲೆಯಾಡಿಸಿದ.

ಥಾಮಸೀನ್ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅತ್ತಿಗೆಯ ಜೊತೆಗಾತಿಯಾಗಿ ಹೋಗುವುದು ಒಂದು, ಒಬ್ಬಳೇ ಆಳಿನ ಹಿಂದೆ ಕುದುರೆ ಏರಿ ಕರೆಯದ ಮನೆಯ ಬಾಗಿಲು ತಟ್ಟುವುದು ಇನ್ನೊಂದು. ನಾಳೆ ಇದು ಸೀಮೆಯ ಎಲ್ಲ ಮನೆಗಳ ಊಟದ ಮೇಜಿನ ಮೇಲೂ ಮಾತಾಗುತ್ತದೆ. ಹಿಂದಿರುಗಿ ತಂಗಿದ್ದ ಮನೆಗೆ ಹೋಗಿ ಗಾಡಿ ಸರಿಯಾಗುವವರೆಗೆ ಕಾಯುವುದೇ ಮರ್ಯಾದೆ. ಅದನ್ನೇ ಹೇಳಲು ಅವಳು ಬಾಯಿ ತೆರೆದಳು. ಆದರೆ ಬಾಯಿಂದ ಬಂದದ್ದು ಬೇರೆ.

"ವಾಟ್ಕಿನ್, ಕುದುರೆ ತಾ."

"ಯಜಮಾನ್ರು ಏನಂತಾರೋ ಅಮ್ಮಾವ್ರೇ."

"ಮೆತ್ತೆ ಕಟ್ಟಿಸಿದ್ದು ಯಾರು?"

ವಾಟ್ಕಿನ್ ಸ್ವಲ್ಪ ಯೋಚಿಸಿ, ಅದೂ ಸರಿಯೆನ್ನುವಂತೆ ಕುದುರೆಯನ್ನು ದಿಬ್ಬದ ಪಕ್ಕಕ್ಕೆ ತಂದ. ಅವನ ಹಿಂದೆ ಕೂತು, ಅವನ ಚರ್ಮದ ಸೊಂಟಪಟ್ಟಿ ಹಿಡಿದುಕೊಂಡು ಅವಳು ಹೊರಟಳು. ಅರ್ಸುಲಾ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಪಡಸಾಲೆಯ ಕಿಟಕಿಗಳು ಎಷ್ಟಿವೆ ನೋಡಿಕೋ ಎಂದು ಕೂಗಿ ಹೇಳಿದಳು.

ಸಿಡುಬು ಇದೆ ಎಂದಿದ್ದ ಹಳ್ಳಿ ದಾರಿಯಲ್ಲೇ ಸಿಕ್ಕಿತು. ವಾಟ್ಕಿನ್ ಸುತ್ತುದಾರಿ ಹಿಡಿಯೋಣವೇ ಎಂದು ಕೇಳಿದ. ಥಾಮಸೀನ್ ಮೂಗಿಗೆ ಬಟ್ಟೆ ಒತ್ತಿಕೊಂಡು ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸನ್ನು ದೂರದಿಂದಲೇ ವಿಚಾರಿಸಿದಳು. ಹೆಂಗಸು ಕಣ್ಣರಳಿಸಿ ನೋಡಿದಳು. ಸಿಡುಬೇ? ಅದು ಹೋದ ವರ್ಷದ ಸುಗ್ಗಿಯಲ್ಲಿ, ಅದೂ ಗಿರಣಿಯವನ ಮನೆಯಲ್ಲಿ ಮಾತ್ರ. ಈಗ ಯಾರಿಗೂ ಏನೂ ಇಲ್ಲ.

ಥಾಮಸೀನ್ ಬಟ್ಟೆಯನ್ನು ಕೆಳಗಿಳಿಸಿದಳು. ಹಾಗಾದರೆ ಸುಳ್ಳು. ಲೇಡಿ ಮಾರ್ಜರಿ ಗರ್ವದವಳು ಎಂದು ಗೊತ್ತಿತ್ತು, ಸುಳ್ಳು ಹೇಳುವವಳು ಎಂದು ಗೊತ್ತಿರಲಿಲ್ಲ. ಯಾಕೆ ಸುಳ್ಳು? ಏನನ್ನು ಮುಚ್ಚಿಡಲು? ಬೇಗ ನಡೆಸು ಎಂದು ಮುಂದೆ ಕೂತ ವಾಟ್ಕಿನ್‌ನ ಸೊಂಟಪಟ್ಟಿ ಜಗ್ಗಿದಳು.

ಸೆವರ್ನ್ ನದಿ ಕೆಂಪಗೆ, ಅಗಲವಾಗಿ, ದಡದ ಹುಲ್ಲಿನ ಮೇಲೆ ಹರಿಯುತ್ತಿತ್ತು. ದೋಣಿಯವನು ಮೊದಲು ಆಗುವುದೇ ಇಲ್ಲ ಎಂದ. ಕುದುರೆಯನ್ನು ನೋಡಿ, ಅವಳ ಬಟ್ಟೆ ನೋಡಿ, ಎಲ್ಲಿಗೆ ಎಂದು ಕೇಳಿದ. ಲಾಂಗ್‌ಮೀರ್ ಎಂದಾಗ ಅವನ ಮುಖ ಬದಲಾಯಿತು.

"ಓ, ಆ ಮನೆಗಾ. ಹತ್ತಿ ಮತ್ತೆ. ಬೆಳಗಾಗೆದ್ದು ಅವ್ರ ಸೂಲಗಿತ್ತೀನೂ ನಾನೇ ದಾಟ್ಸಿದ್ದು. ಕರ್ಕೊಂಡೋಗಾಕೆ ಬಂದಿದ್ದ ಆಳು ಬಲು ಅವಸ್ರ ಮಾಡ್ತಿದ್ದ."

ನದಿ ದಾಟುವಷ್ಟು ಹೊತ್ತೂ ಥಾಮಸೀನ್ ಕುದುರೆಯ ಲಗಾಮು ಹಿಡಿದು ನಿಂತಿದ್ದಳು. ಒಂದು ಮರದ ದಿಮ್ಮಿ ತೇಲಿ ಬಂದು ದೋಣಿಗೆ ಬಡಿಯಿತು. ವಾಟ್ಕಿನ್ ಏನೋ ಪ್ರಾರ್ಥನೆ ಗೊಣಗಿದ. 

ಲಾಂಗ್‌ಮೀರ್‌ನ ಲಾಯದ ಮುಂದೆ ಅಳಿಯ ಆಂಬ್ರೋಸ್ ಅತ್ತಿಂದಿತ್ತ ಓಡಾಡುತ್ತಿದ್ದ. ಹೆಂಗಸರು ಅವನನ್ನು ಮನೆಯಿಂದ ಹೊರಗಟ್ಟಿದ್ದರೆಂದು ಕಾಣುತ್ತದೆ. ಕುದುರೆಯ ಮೇಲೆ ಅತ್ತೆಯನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಕೈಹಿಡಿದು ಇಳಿಸಿದ, ತಲೆಬಾಗಿದ. ಅವಳು ಕೇಳಿದ ಯಾವುದಕ್ಕೂ ನೆಟ್ಟಗೆ ಉತ್ತರ ಹೇಳದೆ, ಅಮ್ಮ ಒಳಗಿದ್ದಾಳೆ, ಅಮ್ಮನನ್ನೇ ಕೇಳಿ ಎಂದ.

ಲೇಡಿ ಮಾರ್ಜರಿ ದಪ್ಪನೆಯ, ಎತ್ತರದ ಹೆಂಗಸು. ಅಂಗಿಯ ತೋಳು ಮಡಚಿ, ಏಪ್ರನ್ ಕಟ್ಟಿಕೊಂಡು ಮೆಟ್ಟಿಲಿಳಿದು ಬಂದಳು. ಬೀಗಿತ್ತಿಯನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಮೆಟ್ಟಿಲ ಬುಡದಲ್ಲೇ, ದಾರಿಗೆ ಅಡ್ಡವಾಗಿ ನಿಂತಳು.

"ಬನ್ನಿ ಬೀಗಿತ್ತಿಯವರೇ. ಪೂರ್ತಿ ಒದ್ದೆಯಾಗಿದ್ದೀರಿ, ಬೆಂಕಿ ಹತ್ರ ಕೂತ್ಕೊಳ್ಳಿ."

"ಮೊದ್ಲು ನನ್ನ ಮಗಳನ್ನ ನೋಡ್ತೀನಿ."

"ಅವಳು ಚೆನ್ನಾಗಿದ್ದಾಳೆ. ಬೆಳಿಗ್ಗೆ ನೋವು ಶುರುವಾಗಿದೆ. ಮಗು ತಲೆ ಕೆಳಗಿದೆ ಅಂತ ಸೂಲಗಿತ್ತಿ ಹೇಳಿದ್ಲು, ಎಲ್ಲ ಸರಿಯಾಗೇ ಇದೆ."

"ಹಾಗಾದ್ರೆ ದಾರಿ ಬಿಡಿ." ಥಾಮಸೀನ್‌ಳ ದನಿ ಅವಳಿಗೇ ತಿಳಿಯದಂತೆ ಏರಿತು. "ಸಿಡುಬು ಅಂದ್ರಿ. ಆ ಹಳ್ಳೀಲಿ ಸಿಡುಬಿಲ್ಲ. ದಾರಿ ಇಲ್ಲ ಅಂದ್ರಿ. ನಾನು ಬಂದೇ ಬಂದೆ. ಒಂದು ಕುರ್ಚಿ ಮೇಲಿನ ಜಗಳಕ್ಕೆ ಹೆತ್ತವಳನ್ನ ಹೊರಗಿಡ್ತೀರಾ?"

ಲೇಡಿ ಮಾರ್ಜರಿ ಒಮ್ಮೆ ಮಹಡಿಯ ಕಡೆ ನೋಡಿದಳು. ಆಮೇಲೆ ಬೀಗಿತ್ತಿಯ ತೋಳು ಹಿಡಿದು, ಹೆಚ್ಚುಕಡಿಮೆ ಎಳೆದುಕೊಂಡೇ, ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ಕುರ್ಚಿ ವಿಷಯ ಗಂಡಸರಿಗೆ ಬಿಡಿ. ಚಿಮಣಿ ಬಿದ್ದಿದ್ದು ನಿಜ, ಬೇಕಾದ್ರೆ ತೋರಿಸ್ತೀನಿ. ಮಿಕ್ಕಿದ್ದೆಲ್ಲ ನಾನು ಕಟ್ಟಿದ ಕಥೆ. ನಿಮ್ಮನ್ನ ಕರೀಬೇಡಿ ಅಂದವಳು ಲೆಟಿಸ್."

ಥಾಮಸೀನ್‌ಗೆ ಕೇಳಿಸಿತು, ಅರ್ಥವಾಗಲಿಲ್ಲ.

"ಬಸುರಿ ಅಂತ ಗೊತ್ತಾದ ದಿನದಿಂದ ಅದೊಂದೇ ಮಾತು. ಮೊದ್ಲು ಬಯ್ದೆ, ತಾಯಿ ಬಗ್ಗೆ ಹಾಗನ್ಬಾರ್ದು ಅಂತ. ಅತ್ತುಬಿಟ್ಲು." ಲೇಡಿ ಮಾರ್ಜರಿ ಇಲ್ಲಿಯ ತನಕ ನೇರವಾಗಿ ನೋಡುತ್ತಿದ್ದವಳು ಈಗ ಬೆಂಕಿಯ ಕಡೆ ತಿರುಗಿದಳು. "'ಅಮ್ಮನ ಮುಖ ನೋಡಿದ್ರೆ ನಾನು ಆಗ್ಲೇ ಸತ್ತುಹೋಗಿದೀನಿ ಅನ್ಸುತ್ತೆ' ಅಂದ್ಲು. ಹೋದ ಸಲ ಮಂಚದ ಪಕ್ಕ ಕೂತು ನೀವು ಒಂದು ಕೆಟ್ಟ ಮಾತೂ ಆಡ್ಲಿಲ್ವಂತೆ. ಬರೀ ಅವಳನ್ನೇ ನೋಡ್ತಾ ಇದ್ರಂತೆ. ಮಗು ಹುಟ್ಟೋಕೆ ಮುಂಚೇನೇ ನಿಮ್ಮ ಮುಖದಲ್ಲಿ ಅದು ಸತ್ತಿತ್ತು ಅಂತಾಳೆ."

ಮೇಲಿನ ಹಲಗೆಗಳ ಮೇಲೆ ಯಾರೋ ಬೇಗಬೇಗ ನಡೆದಾಡಿದರು. ಇಬ್ಬರೂ ತಲೆಯೆತ್ತಿ ಕೇಳಿಸಿಕೊಂಡರು. ಸದ್ದು ನಿಂತಿತು.

"ಇದನ್ನ ಹೇರುಕುದುರೆಯವನ ಬಾಯಲ್ಲಿ ಹೇಗೆ ಹೇಳಿ ಕಳಿಸ್ಲಿ? ಬೀಗಿತ್ತಿ ಸೊಕ್ಕಿನವಳು ಅಂದ್ಕೊಳ್ಳಲಿ, ಅದೇ ವಾಸಿ ಅಂತ ಸುಮ್ಮನಿದ್ದೆ."

ಥಾಮಸೀನ್ ಕುರ್ಚಿಯ ಮೇಲೆ ಕೂತಳು. ಲಂಗದಿಂದ ನೀರು ಸೋರಿ ನೆಲದ ಜೊಂಡುಚಾಪೆಯನ್ನು ತೋಯಿಸುತ್ತಿತ್ತು. ಆ ರಾತ್ರಿಗಳಲ್ಲಿ ಮಗಳ ಕೈ ಹಿಡಿದು ತಾನು ಧೈರ್ಯ ತುಂಬುತ್ತಿದ್ದೇನೆಂದೇ ಅವಳು ನಂಬಿದ್ದಳು. ನಗುತ್ತಲೂ ಇದ್ದೆ ಎಂದು ನೆನಪು. ತನ್ನ ಮಕ್ಕಳು ಒಬ್ಬೊಬ್ಬರಾಗಿ ಕೈಜಾರಿ ಹೋದಾಗ ಜನ, ಪಾದ್ರಿ, ಗಂಡ ಎಲ್ಲರೂ ಎಷ್ಟು ಗಟ್ಟಿ ಹೆಂಗಸು ಎಂದಿದ್ದರು. ಅವಳು ಕೆಲಸ ನಿಲ್ಲಿಸಿರಲಿಲ್ಲ, ಗೋಳಾಡಿರಲಿಲ್ಲ. ಆ ದುಃಖವೆಲ್ಲ ಹೋಗಿ ಮುಖದಲ್ಲಿ ಕೂತಿತ್ತೆಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಿದ್ದ ಅಂಗೈಯಗಲದ ಕನ್ನಡಿಯಲ್ಲಿ ಅವಳು ನೋಡಿಕೊಳ್ಳುತ್ತಿದ್ದದ್ದು ಟೋಪಿ ನೆಟ್ಟಗಿದೆಯೇ ಎಂದಷ್ಟೇ. ಬಾಲ್ಯದಲ್ಲಿ ಲೆಟಿಸ್ ಕೆಮ್ಮಿದಾಗೆಲ್ಲ ತನ್ನನ್ನು ಯಾಕೆ ಹಾಗೆ ಕದ್ದು ನೋಡುತ್ತಿದ್ದಳು ಎನ್ನುವುದು ಈಗ ತಿಳಿಯಿತು. ಹುಡುಗಿ ತನ್ನ ಜ್ವರವನ್ನು ತಾಯಿಯ ಮುಖದಲ್ಲಿ ಅಳೆದುಕೊಳ್ಳುತ್ತಿದ್ದಳು.

"ನನ್ನ ಮುಖಾನ ನಾನೇನು ಮಾಡ್ಲಿ?" ಎಂದಳು.

ಲೇಡಿ ಮಾರ್ಜರಿ ಬಿಸಿ ಮಾಡಿದ ಏಲ್ ಮದ್ಯ ತರಿಸಿ ಅವಳ ಕೈಗೆ ಕೊಟ್ಟು, ಮೇಲೆ ಹೋಗಬೇಕು ಎಂದಳು. ನೀವು ಬಂದ ವಿಷಯ ಲೆಟಿಸ್ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ತಾನಾಗಿ ಹೇಳುವುದೂ ಇಲ್ಲ ಎಂದಳು. ಥಾಮಸೀನ್ ಚೀಲದಿಂದ ಹದ್ದಿನ ಕಲ್ಲನ್ನು ತೆಗೆದು ಕೊಟ್ಟಳು.

"ನಮ್ಮದೊಂದು ಆಗ್ಲೇ ಅವಳ ತೋಳಲ್ಲಿದೆ," ಎಂದಳು ಲೇಡಿ ಮಾರ್ಜರಿ. ಬೀಗಿತ್ತಿಯ ಚಾಚಿದ ಕೈ ನೋಡಿ, "ಇರ್ಲಿ ಕೊಡಿ. ಎರಡಿದ್ರೆ ಜಾಸ್ತಿಯಾಗಲ್ಲ," ಎಂದು ತೆಗೆದುಕೊಂಡು ಹೋದಳು.

ಕಾಯುವುದು ಶುರುವಾಯಿತು. ವಾಟ್ಕಿನ್ ಬಾಗಿಲಲ್ಲಿ ತಲೆ ತೂರಿಸಿ, ಯಜಮಾನರಿಗೆ ಸುದ್ದಿ ಮುಟ್ಟಿಸಲು ಹೊರಡಲೇ ಎಂದು ಕೇಳಿದ. ಏನು ಸುದ್ದಿ ಎಂದು ಹೇಳಿ ಕಳಿಸುವುದು? ಕುದುರೆಗೆ ಮೇವು ಹಾಕು, ಆಮೇಲೆ ನೋಡೋಣ ಎಂದಳು. ಏಲ್ ತಣ್ಣಗಾಯಿತು. ಕಿಟಕಿಯ ಹೊರಗೆ ಆಂಬ್ರೋಸ್ ಬೇಲಿಯ ಒಂದು ಕಡ್ಡಿ ಮುರಿದು, ಅದನ್ನು ಚೂರುಚೂರು ಮಾಡಿ, ಇನ್ನೊಂದು ಕಡ್ಡಿ ಮುರಿಯುತ್ತಿದ್ದ.

ಆಗ ಮೇಲಿನಿಂದ ಕೂಗು ಕೇಳಿತು. ಲೆಟಿಸ್‌ಳದೇ. ಉದ್ದನೆಯ, ಹರಿದುಹೋಗುವಂಥ ಕೂಗು.

ಥಾಮಸೀನ್ ಎದ್ದದ್ದೂ ಬಾಗಿಲು ತೆಗೆದದ್ದೂ ಮೆಟ್ಟಿಲೇರಿದ್ದೂ ಅವಳಿಗೇ ಗೊತ್ತಿಲ್ಲ. ಮೆಟ್ಟಿಲು ತಿರುಗುವ ಕಡೆ ಬಂದಾಗ ಕೋಣೆಯ ಬಾಗಿಲು ಕಂಡಿತು, ಅರ್ಧ ತೆರೆದಿತ್ತು. ಒಳಗೆ ಕತ್ತಲು, ಬೆಂಕಿಯ ಕೆಂಪು, ಹೆಂಗಸರ ಬೆನ್ನುಗಳು. ಇನ್ನು ಕೆಲವೇ ಮೆಟ್ಟಿಲು. ತಡೆಯುವವರು ಯಾರೂ ಇರಲಿಲ್ಲ. ಕೂಗು ಇಳಿಯಿತು. ಸೂಲಗಿತ್ತಿ ಏನೋ ಪೋಲಿ ಮಾತು ಹೇಳಿದಳು, ಗಂಡಸರನ್ನು ಕುರಿತದ್ದು. ಹೆಂಗಸರು ಗೊಳ್ಳೆಂದರು. ಆ ನಗುವಿನ ನಡುವೆ, ಉಸಿರು ಕಟ್ಟಿ ಕಟ್ಟಿ, ಲೆಟಿಸ್ ನಕ್ಕಳು.

ಮಗಳು ಹಾಗೆ ನಕ್ಕದ್ದನ್ನು ಥಾಮಸೀನ್ ಕೇಳಿ ಎಷ್ಟು ಕಾಲವಾಗಿತ್ತೋ. ಹೇಝಲ್‌ಕೋಟ್‌ನ ಆ ಕೋಣೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗುವುದಕ್ಕೆ ಅವಳು ಬಿಟ್ಟಿರಲಿಲ್ಲ. ಅವಳು ಮೆಟ್ಟಿಲ ಕಟಕಟೆ ಹಿಡಿದು ಅಲ್ಲೇ ನಿಂತಳು. ಮುಂದಿನ ನೋವು ಬಂತು, ಮುಂದಿನ ಕೂಗು ಬಂತು. ಅವಳು ಹಿಂದೆ ತಿರುಗಿ ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಯಾರೋ ಹಿಂದಿನಿಂದ ಲಂಗ ಹಿಡಿದು ಜಗ್ಗಿದಂತಾಗುತ್ತಿತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು.

ಎಷ್ಟು ಹೊತ್ತೋ. ಕೂಗುಗಳು ಹತ್ತಿರ ಹತ್ತಿರವಾದವು, ಆಮೇಲೆ ಒಂದು ಮೌನ. ಆ ಮೌನದಲ್ಲಿ ಅವಳಿಗೆ ಗೊತ್ತಿದ್ದದ್ದೆಲ್ಲ ಎದುರು ಬಂದು ನಿಂತಿತು: ಸಣ್ಣ ಹಲಗೆಪೆಟ್ಟಿಗೆ, ಪಾದ್ರಿಯ ಒದ್ದೆ ಬೂಟುಗಳು. ಹೊರಗೆ ಆಂಬ್ರೋಸ್ ಕೂಡ ಕಡ್ಡಿ ಮುರಿಯುವುದನ್ನು ನಿಲ್ಲಿಸಿದ್ದ. ಅಷ್ಟರಲ್ಲಿ ಮೇಲೆ ಬೆಕ್ಕಿನ ಮರಿಯಂಥ ದನಿ ಎದ್ದಿತು. ನಿಂತಿತು. ಮತ್ತೆ ಎದ್ದು ಈ ಸಲ ಸಿಟ್ಟಿನಿಂದ, ಗಟ್ಟಿಯಾಗಿ, ನಿಲ್ಲದೆ ಅಳತೊಡಗಿತು.

ಲೇಡಿ ಮಾರ್ಜರಿ ಕೆಳಗೆ ಬಂದಾಗ ಅವಳ ಟೋಪಿ ಜಾರಿತ್ತು, ಮುಖ ಬೆವರಿತ್ತು.

"ಹೆಣ್ಣು. ಗುಂಡುಕಲ್ಲಿನ ಹಾಗಿದ್ದಾಳೆ. ತಾಯಿನೂ ಚೆನ್ನಾಗಿದ್ದಾಳೆ, ಹಸಿವು ಅಂತಿದ್ದಾಳೆ." ದೊಪ್ಪನೆ ಕುರ್ಚಿಗೆ ಕುಸಿದು, "ನಿಮ್ಮನ್ನ ಕರೀತಿದ್ದಾಳೆ," ಎಂದಳು.

"ನೀವು ಹೇಳಿದ್ರಾ?"

"ನಾನ್ಯಾಕೆ ಹೇಳ್ಲಿ? ನೀವು ಹಜಾರದಲ್ಲಿ ನನ್ನ ಮೇಲೆ ಕೂಗಾಡಿದ್ರಲ್ಲ, ಆಗ್ಲೇ ಕೇಳಿಸ್ಕೊಂಡಿದ್ದಾಳೆ. ಮಧ್ಯೆ ಮಧ್ಯೆ ಬಾಗಿಲು ನೋಡ್ತಾ ಇದ್ಲು. ಯಾಕೆ ಅಂತ ನನಗೂ ಈಗ್ಲೇ ಗೊತ್ತಾಗಿದ್ದು."

ಬಾಣಂತಿಯ ಕೋಣೆ ಬೆಚ್ಚಗಿತ್ತು, ಕತ್ತಲಾಗಿತ್ತು. ಗಾಳಿ ಬೆಳಕು ತಾಗದಂತೆ ಕಿಟಕಿಗಳಿಗೆಲ್ಲ ದಪ್ಪ ಕಂಬಳಿ ಹೊಡೆದಿದ್ದರು. ಬೆಂಕಿಯ ಬಳಿ ಸೂಲಗಿತ್ತಿ ಮಗುವಿಗೆ ಬಟ್ಟೆಪಟ್ಟಿ ಸುತ್ತುತ್ತಿದ್ದಳು. ನೆರೆಮನೆಗಳ ಹೆಂಗಸರು ಥಾಮಸೀನ್‌ಳನ್ನು ಕಂಡು ಮಾತು ನಿಲ್ಲಿಸಿ ದಾರಿ ಬಿಟ್ಟರು. ಅವಳು ಮಂಚದ ಕಾಲುಕಡೆಗೆ, ಪರದೆಯ ನೆರಳು ಬೀಳುವ ಜಾಗ ನೋಡಿ ನಿಂತಳು.

"ಅಮ್ಮ."

"ಹೂಂ."

"ಮೇಲೆ ಬಂದುಬಿಡ್ತೀಯೇನೋ ಅಂತ ಹೆದರಿದ್ದೆ." ಲೆಟಿಸ್‌ಳ ದನಿ ಕೂಗಿ ಕೂಗಿ ಒಡೆದುಹೋಗಿತ್ತು. ಬೆವರಿಗೆ ಅಂಟಿದ ಕೂದಲನ್ನು ಹಣೆಯಿಂದ ಸರಿಸಿದಳು. "ಆಮೇಲೆ ನೀನು ಬರ್ಲೇ ಇಲ್ವಲ್ಲ ಅಂತ ಅಳು ಬಂತು."

 ಸೂಲಗಿತ್ತಿ ಮಗುವನ್ನು ತಂದು ಥಾಮಸೀನ್‌ಳ ತೋಳಿಗೆ ಹಾಕಿದಳು. ಬಿಗಿಯಾಗಿ ಸುತ್ತಿದ ಬಟ್ಟೆಯೊಳಗೆ ಅದು ಬಿಸಿಯಾಗಿ, ನಿರೀಕ್ಷೆಗಿಂತ ಭಾರವಾಗಿತ್ತು. ಮೂಗಿನ ಹೊಳ್ಳೆಗಳು ಅಲುಗುತ್ತಿದ್ದವು. ತಾನು ಅದರ ಉಸಿರನ್ನು ಎಣಿಸತೊಡಗಿದ್ದೇನೆಂದು ತಿಳಿದು, ಅವಳು ಕಣ್ಣು ತಿರುಗಿಸಿ ಬೇರೆ ಕಡೆ ನೋಡಿದಳು.

"ಅಲ್ಲಿ ಯಾಕೆ ನಿಂತಿದ್ದೀಯಾ? ನಿನ್ನ ಮುಖ ಕಾಣಿಸ್ತಿಲ್ಲ. ಆ ಕಂಬಳಿ ಸ್ವಲ್ಪ ಸರಿಸು."

ಬಾಣಂತಿಗೆ ಬೆಳಕು ಕೂಡದು ಎಂದು ಸೂಲಗಿತ್ತಿ ಆಕ್ಷೇಪಿಸಿದಳು. ಬಾಗಿಲಲ್ಲಿ ನಿಂತಿದ್ದ ಲೇಡಿ ಮಾರ್ಜರಿ, ಒಂದು ಗಳಿಗೆ ತಾನೆ, ಸರಿಸಲಿ ಬಿಡು ಎಂದಳು.

ಥಾಮಸೀನ್ ಮಗುವನ್ನು ಒಂದು ತೋಳಿನಲ್ಲಿ ಎದೆಗೊತ್ತಿಕೊಂಡು ಕಿಟಕಿಗೆ ಹೋದಳು. ಕಂಬಳಿ ಧೂಳು ಹಿಡಿದು ಭಾರವಾಗಿತ್ತು. ಅಂಚು ಹಿಡಿದು ಎಳೆದಾಗ ನೆರೆನೀರು ನಿಂತ ಹುಲ್ಲುಗಾವಲುಗಳ ಬೆಳಕು ಒಮ್ಮೆಗೇ ಒಳಗೆ ಬಂದು ನೆಲದ ಮೇಲೆ, ಮಂಚದ ಮೇಲೆ ಬಿತ್ತು. ಹಿಂದೆ ಮಗಳು ದಿಂಬಿಗೊರಗಿ ಎದ್ದು ಕೂರುವ ಸದ್ದಾಯಿತು. ಥಾಮಸೀನ್ ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಇನ್ನೂ ಹೊರಗೇ ನೋಡುತ್ತಿದ್ದಳು. ನೀರಿನ ಮೇಲೆ ಎರಡು ಬಿಳಿ ಹಂಸಗಳು ಬೇಲಿಯ ಕಂಬಗಳ ನಡುವೆ ತೇಲಿಕೊಂಡು ಹೋಗುತ್ತಿದ್ದವು. ಅವು ಕಣ್ಮರೆಯಾಗುವ ತನಕ ನೋಡಿ, ಅವಳು ಮಗಳ ಕಡೆಗೆ ಮುಖ ತಿರುಗಿಸಿದಳು.